ಗಿಲ್ ಮೆರಿಕ್ ಅಂದ್ರೆ ಬರೀ ಹದಿಮೂರು ಗೋಲಲ್ಲ

ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ. ಗೆಳೆಯರೊಬ್ಬರು 1953ರ ಇಂಗ್ಲೆಂಡ್-ಹಂಗೇರಿ ಫುಟ್‌ಬಾಲ್ ಪಂದ್ಯದ ಹಳೇ ವಿಡಿಯೊ ಹಾಕಿದ್ದರು. ಹಂಗೇರಿಯ ಪುಸ್ಕಾಸ್ ಚೆಂಡನ್ನು ಕಾಲಡಿಯಲ್ಲೇ ಹಿಂದಕ್ಕೆಳೆದು ಇಂಗ್ಲೆಂಡ್ ನಾಯಕ ಬಿಲ್ಲಿ ರೈಟ್‌ರನ್ನು ಬೇಸ್ತು ಬೀಳಿಸಿ ಹೊಡೆದರಲ್ಲ, ಆ ಗೋಲು. ಎಷ್ಟು ಸಲ ನೋಡಿದರೂ ಚೆಂದವೇ. ವಿಡಿಯೊ ಕೆಳಗೆ ಯಾರೋ ಬರೆದ ಮಾತು ಓದಿ ಮಾತ್ರ ಬೇಜಾರಾಯಿತು. ‘ಕೀಪರ್ ನಿದ್ದೆ ಮಾಡ್ತಿದ್ನಾ?’

ಇಂಗ್ಲೆಂಡ್‌ನ ಆ ಗೋಲ್‌ಕೀಪರ್‌ಗೆ ಒಂದು ಹೆಸರಿದೆ. ಗಿಲ್ ಮೆರಿಕ್.

ಆ ದಿನ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಮೊದಲ ನಿಮಿಷದಲ್ಲೇ ಗೋಲು ಬಿತ್ತು. 9ನೇ ನಂಬರ್ ಅಂದ್ರೆ ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವವರು, ಆದರೆ ಹಂಗೇರಿಯ 9ನೇ ನಂಬರಿನ ಹಿಡೆಗ್‌ಕುಟಿ ಮುಂದೆ ನಿಲ್ಲದೆ ಮೈದಾನದ ಮಧ್ಯಕ್ಕೆ ಬಂದು ಆಡಿದರು. ಅವರ ಬೆನ್ನು ಹತ್ತಬೇಕೋ, ತನ್ನ ಜಾಗ ಕಾಯಬೇಕೋ ಅಂತ ಇಂಗ್ಲೆಂಡ್‌ನ ಡಿಫೆಂಡರ್ ಹ್ಯಾರಿ ಜಾನ್‌ಸ್ಟನ್‌ಗೆ ಕೊನೆವರೆಗೂ ತಿಳಿಯಲಿಲ್ಲ. ಹೋದರೆ ಹಿಂದೆ ಬಟ್ಟ ಬಯಲು, ಹೋಗದಿದ್ದರೆ ಹಿಡೆಗ್‌ಕುಟಿಗೆ ತಡೆಯೇ ಇಲ್ಲ. ಮೂರು ಗೋಲು ಅವರೊಬ್ಬರೇ ಹೊಡೆದರು. ಇಂಗ್ಲೆಂಡ್ ತಂಡವನ್ನು ಆಗ ಆರಿಸುತ್ತಿದ್ದದ್ದು ಒಂದು ಸಮಿತಿ. ಆಟದ ರೀತಿಯೇ ಹಳೇದಾಗಿತ್ತು. 6-3ರಲ್ಲಿ ಸೋತದ್ದು ಇಡೀ ಇಂಗ್ಲೆಂಡ್, ಬೈಗುಳ ಮಾತ್ರ ಕೀಪರ್‌ಗೆ.

ಆರು ತಿಂಗಳಲ್ಲೇ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಮತ್ತೆ 7-1ರಲ್ಲಿ ಸೋತರಲ್ಲ, ಎರಡೂ ಸೇರಿ ಹದಿಮೂರು ಗೋಲು, ಎರಡು ಸಲ ಆದ್ರೆ ಕೀಪರ್‌ದೇ ತಪ್ಪು ಅಲ್ವಾ ಅಂತ ಒಬ್ಬರು ನನ್ನ ಜೊತೆ ವಾದಕ್ಕೇ ಇಳಿದರು. 1954ರ ವಿಶ್ವಕಪ್ ನೋಡಿ ಸ್ವಾಮಿ. ಅದೇ ಹಂಗೇರಿ ದಕ್ಷಿಣ ಕೊರಿಯಾಗೆ 9 ಹೊಡೆಯಿತು, ಪಶ್ಚಿಮ ಜರ್ಮನಿಗೆ 8, ಬ್ರೆಜಿಲ್‌ಗೆ 4. ಅವರೆಲ್ಲರ ಕೀಪರ್‌ಗಳೂ ನಿದ್ದೆ ಮಾಡ್ತಿದ್ರಾ? ಅದೇ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಉರುಗ್ವೆಗೆ 4-2ರಲ್ಲಿ ಸೋತಿತು. ಆ ದಿನ ಮೆರಿಕ್ ಚೆನ್ನಾಗಿ ಆಡಲಿಲ್ಲ, ಒಪ್ಪುತ್ತೇನೆ. ದೇಶಕ್ಕೆ ಅದೇ ಅವರ ಕೊನೇ ಪಂದ್ಯ, 23ನೇದು.

ಉಳಿದದ್ದನ್ನು ಯಾರೂ ಹೇಳೋದಿಲ್ಲ. ಬರ್ಮಿಂಗ್‌ಹ್ಯಾಮ್‌ನ ಸ್ಪಾರ್ಕ್‌ಹಿಲ್ ಹುಡುಗ. 1939ರಲ್ಲಿ ಬರ್ಮಿಂಗ್‌ಹ್ಯಾಮ್ ಕ್ಲಬ್ ಸೇರಿದ, ಅಷ್ಟರಲ್ಲಿ ಯುದ್ಧ ಬಂತು. ಲೀಗ್ ಆಡಲು 1946ರವರೆಗೆ ಕಾಯಬೇಕಾಯಿತು. 1947-48ರಲ್ಲಿ 42 ಲೀಗ್ ಪಂದ್ಯಗಳಲ್ಲಿ ತಂಡ ಬಿಟ್ಟದ್ದು 24 ಗೋಲು ಮಾತ್ರ, ಎರಡನೇ ಡಿವಿಷನ್ (ಲೀಗ್‌ನ ಎರಡನೇ ದರ್ಜೆ) ಗೆದ್ದರು. ಒಂದೇ ಕ್ಲಬ್‌ಗೆ 551 ಪಂದ್ಯ ಆಡಿದರು. ಐನೂರ ಐವತ್ತೊಂದು!

ನಾನು ಕಾಲೇಜಲ್ಲಿ ಕೀಪರ್ ಆಗಿದ್ದೆ ಅಂತ ಇಲ್ಲಿ ಜಾಸ್ತಿ ಜನಕ್ಕೆ ಗೊತ್ತು. ಇದನ್ನು ಮಾತ್ರ ಯಾರಿಗೂ ಹೇಳಿಲ್ಲ. ಒಂದು ಸೆಮಿಫೈನಲ್‌ನಲ್ಲಿ ಐದು ಗೋಲು ಬಿಟ್ಟೆ. ವಾಪಸ್ ಬರುವಾಗ ಯಾರೂ ಬೈಯಲಿಲ್ಲ. ಸುಮ್ನೆ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಆ ಖಾಲಿ ಸೀಟು ಇವತ್ತಿಗೂ ಕಣ್ಣ ಮುಂದೆ ಇದೆ. ಅದಕ್ಕೇ ನಿನ್ನೆ ಅಷ್ಟು ಕೋಪ ಬಂತು.

1956ರಲ್ಲಿ ಇಂಗ್ಲೆಂಡ್ ಕ್ಲಬ್‌ಗಳ ಎಫ್‌ಎ ಕಪ್ ಫೈನಲ್ ಗೊತ್ತಲ್ಲ? ಮ್ಯಾಂಚೆಸ್ಟರ್ ಸಿಟಿಯ ಕೀಪರ್ ಟ್ರೌಟ್‌ಮನ್ ಕತ್ತಿನ ಮೂಳೆ ಮುರಿದುಕೊಂಡೇ ಆಡಿ ಗೆದ್ದದ್ದು. ದೊಡ್ಡ ಮನುಷ್ಯ, ಎರಡು ಮಾತಿಲ್ಲ. ಇನ್ನೊಂದು ತುದಿಯ ಗೋಲಿನಲ್ಲಿ ನಿಂತು 3-1ರಲ್ಲಿ ಸೋತವರು ಯಾರು? ಇದೇ ಮೆರಿಕ್.

ಆಟ ನಿಲ್ಲಿಸಿದ ಮೇಲೂ ಊರು ಬಿಡಲಿಲ್ಲ. 1960ರಲ್ಲಿ ಅದೇ ಕ್ಲಬ್‌ನ ಮ್ಯಾನೇಜರ್ ಆದರು. ಇಟಲಿಯ ಮಿಲಾನ್‌ಗೆ ಹೋಗಿ ಇಂಟರ್ ತಂಡವನ್ನು ಅವರ ನೆಲದಲ್ಲೇ ಸೋಲಿಸಿದರು. 1963ರಲ್ಲಿ ಲೀಗ್ ಕಪ್ ಗೆದ್ದರು, ಅದೂ ಫೈನಲ್‌ನಲ್ಲಿ ಪಕ್ಕದ ಆ್ಯಸ್ಟನ್ ವಿಲಾ ತಂಡವನ್ನು ಸೋಲಿಸಿ! ಆ ಕ್ಲಬ್ ಗೆದ್ದ ಮೊದಲ ದೊಡ್ಡ ಕಪ್ ಅದು.

2009ರಲ್ಲಿ ಕ್ಲಬ್‌ನ ಸೇಂಟ್ ಆ್ಯಂಡ್ರೂಸ್ ಮೈದಾನದ ಒಂದು ಸ್ಟ್ಯಾಂಡ್‌ಗೆ ಅವರ ಹೆಸರಿಟ್ಟರು. ಮರುವರ್ಷ ಫೆಬ್ರವರಿಯಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಊರಿನವರಿಗೆ ಅವರು ಯಾರು ಅಂತ ಗೊತ್ತಿತ್ತು. ಆ ವಿಡಿಯೊ ಇನ್ನೊಮ್ಮೆ ಹಾಕುವವರು ಪುಸ್ಕಾಸ್ ಹೆಸರಿನ ಪಕ್ಕ ಕೀಪರ್ ಹೆಸರನ್ನೂ ಬರೀರಿ, ದಯವಿಟ್ಟು.