ಮನೇಲಿ ಯಾರಿಗೆ ಗೊತ್ತು?

ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ, ಮಂಡ್ಯದ ಮಿಮ್ಸ್ ಆಸ್ಪತ್ರೆಯಾಗಲಿ, ಎಚ್‌ಐವಿಗೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದ ಕೌನ್ಸೆಲರ್ ಹೊಸಬರನ್ನು ಎದುರಿಗೆ ಕೂರಿಸಿಕೊಂಡಾಗ ತಪ್ಪದೆ ಕೇಳಬೇಕಾದ ಮಾತೊಂದಿದೆ: "ಮನೇಲಿ ಯಾರಿಗ್ ಗೊತ್ತಮ್ಮಾ?" "ಯಾರ್ಗೂ ಗೊತ್ತಿಲ್ಲ ಮೇಡಂ" ಎಂಬ ಉತ್ತರ ಬಂದರೆ ಮುಂದಿನದೆಲ್ಲ ಬದಲಾಗುತ್ತದೆ. ಮಾತ್ರೆ ಎಲ್ಲಿಡಬೇಕು, ಫೋನ್ ಮಾಡಿದರೆ ಯಾರು ಎತ್ತುತ್ತಾರೆ, ರೋಗಿಯ ಕೈಗೆ ಕೊಡುವ ಚಿಕಿತ್ಸೆಯ ಹಸಿರು ಪುಸ್ತಕ ಮನೆಗೆ ಹೋಗಬಹುದೋ ಇಲ್ಲವೋ ಎಲ್ಲವೂ ಈ ಒಂದು ಉತ್ತರದ ಮೇಲೆ ನಿಂತಿದೆ. ಆದರೂ ನರ್ಸಿಂಗ್ ವಿದ್ಯಾರ್ಥಿಗಳು ಎಚ್‌ಐವಿ ಇರುವವರಿಗೆಂದು ಬರೆಯುವ ಕೇರ್ ಪ್ಲಾನ್‌ನಲ್ಲಿ (ಆರೈಕೆಯ ಯೋಜನೆ) ಇದಕ್ಕೊಂದು ಕಾಲಂ ಇಲ್ಲ. ಇಂಗ್ಲೆಂಡಿನಲ್ಲಿದ್ದು ಎರಡೂ ಕಡೆಯ ರೀತಿ ನೋಡುವ ನನಗೆ ದೊಡ್ಡ ಕೊರತೆಯಾಗಿ ಕಾಣುವುದು ಇದೇ.

ಆ ಪ್ಲಾನ್ ನೋಡಿದವರಿಗೆ ಅದರ ಕಾಲಂಗಳು ಗೊತ್ತು: ಅಸೆಸ್‌ಮೆಂಟ್, ಡಯಾಗ್ನೋಸಿಸ್, ಗೋಲ್, ಇಂಟರ್ವೆನ್ಷನ್, ರೇಷನೇಲ್, ಇವ್ಯಾಲ್ಯುಯೇಷನ್. ಮೊದಲ ಸಾಲು 'ಸೋಂಕಿನ ಅಪಾಯ', ಎರಡನೆಯದು 'ತೂಕ ಇಳಿಕೆ', ಮೂರನೆಯದು 'ಆತಂಕ'. ಹಿಂದಿನ ಬ್ಯಾಚಿನವರ ಪುಸ್ತಕದಿಂದ ಇಳಿದು ಬಂದ ಸಾಲುಗಳು. ಮಾತ್ರೆ ಸಿಗದೆ ಜನ ಹಾಸಿಗೆ ಹಿಡಿಯುತ್ತಿದ್ದ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. 2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿ ಮಾತ್ರೆಯನ್ನು ಪುಕ್ಕಟೆ ಕೊಡುತ್ತಿದೆ. 2017ರಿಂದ ಸಿಡಿ4 (ರೋಗ ತಡೆಯುವ ರಕ್ತಕಣಗಳ ಎಣಿಕೆ) ಎಷ್ಟೇ ಇರಲಿ, ಸೋಂಕು ಖಚಿತವಾದವರಿಗೆಲ್ಲ ಚಿಕಿತ್ಸೆ. ಈಗ ಬರುವವರಲ್ಲಿ ಹೆಚ್ಚಿನವರು ನಡೆದುಕೊಂಡೇ ಬಂದು, ಮಾತ್ರೆ ತಗೊಂಡು, ಮಧ್ಯಾಹ್ನದ ಹೊತ್ತಿಗೆ ಗದ್ದೆಗೋ ಗಾರ್ಮೆಂಟ್ಸಿಗೋ ವಾಪಸ್ಸು ಹೋಗುವವರು. ಅವರ ಚಿಕಿತ್ಸೆ ಕೆಡುವುದು ವಾರ್ಡಿನಲ್ಲಲ್ಲ, ಮನೆಯಲ್ಲಿ.

ಹಳೆಯದನ್ನೆಲ್ಲ ಎಸೆಯಿರಿ ಅಂತ ಅಲ್ಲ. ಸಿಡಿ4 350ಕ್ಕಿಂತ ಕೆಳಗಿಳಿದು ಬಂದವರಿಗೆ ಬೇರೆ ಸೋಂಕು ತಡೆಯುವ ಕೋಟ್ರೈಮಾಕ್ಸಜೋಲ್ ಮಾತ್ರೆ ಬೇಕೇ ಬೇಕು. ಟಿಬಿ ಇದೆಯೇ ಎಂದು ತಿಳಿಯಲು ಪ್ರತಿ ಭೇಟಿಯಲ್ಲೂ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಎಂಬ ನಾಲ್ಕು ಪ್ರಶ್ನೆ ಎಲ್ಲರಿಗೂ ಬೇಕು.

ಇಂಗ್ಲೆಂಡಿನಲ್ಲಿ ಬರೆಯುವ ಅಭ್ಯಾಸ ಗಟ್ಟಿ. ನರ್ಸ್ ಏನು ಮಾತಾಡಿದರು, ಮುಂದಿನ ರಕ್ತಪರೀಕ್ಷೆ ಯಾವಾಗ, ಸಂದೇಶ ಯಾವ ನಂಬರಿಗೆ, ಕಾಗದ ಮನೆ ವಿಳಾಸಕ್ಕೆ ಕಳಿಸಬಹುದೇ ಎಲ್ಲ ದಾಖಲೆಯಲ್ಲಿರುತ್ತದೆ. ನರ್ಸ್ ರಜೆ ಹಾಕಿದರೂ ಮುಂದಿನವರು ಓದಿಕೊಂಡು ಕೆಲಸ ಮಾಡುತ್ತಾರೆ. ನಮ್ಮಲ್ಲಿ ಈ ತಿಳಿವಳಿಕೆ ಅದಕ್ಕಿಂತ ಆಳವಾಗಿದ್ದರೂ ಇರುವುದು ಕೌನ್ಸೆಲರ್ ತಲೆಯೊಳಗೆ. ಯಾರಿಗೆ ಕುಡಿತವಿದೆ, ಯಾರ ಅತ್ತೆ ಪೆಟ್ಟಿಗೆ ತಡಕಾಡುತ್ತಾರೆ, ನಾಗಮಂಗಲದವರು ಹತ್ತಿರದ ಕೇಂದ್ರ ಬಿಟ್ಟು ಮೈಸೂರಿಗೇ ಯಾಕೆ ಬರುತ್ತಾರೆ ಎಲ್ಲ ಅವರಿಗೆ ಗೊತ್ತು. ಗುತ್ತಿಗೆ ಮುಗಿದು ಅವರು ಹೋದ ದಿನ ಅಷ್ಟೂ ಹೋಯಿತು.

ಮಾತ್ರೆಯ ವಿಷಯಕ್ಕೇ ಬರೋಣ. ಈಗ ಸಾಮಾನ್ಯವಾಗಿ ಕೊಡುವುದು ಟಿಎಲ್‌ಡಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿ ದಿನಕ್ಕೆ ಒಂದೇ ಮಾತ್ರೆ. ಊಟದ ಜೊತೆಗಾದರೂ ಸರಿ, ಬರಿ ಹೊಟ್ಟೆಗಾದರೂ ಸರಿ; ಏಕಾದಶಿ ಉಪವಾಸಕ್ಕೂ ಅಡ್ಡಿಯಿಲ್ಲ. ಹಳೆಯ ಮಾತ್ರೆಯಲ್ಲಿದ್ದ ಎಫಾವಿರೆನ್ಜ್ ತಲೆಸುತ್ತು ತರುತ್ತಿದ್ದರಿಂದ ರಾತ್ರಿ ಮಲಗುವಾಗ ನುಂಗಿ ಎನ್ನುತ್ತಿದ್ದರು. ಮಾತ್ರೆ ಬದಲಾದರೂ ಹಳಬರ ರಾತ್ರಿ ಅಭ್ಯಾಸ ಬದಲಾಗಿಲ್ಲ. ಡೊಲುಟೆಗ್ರಾವಿರ್ ಕೆಲವರ ನಿದ್ದೆ ಕೆಡಿಸುತ್ತದೆ, ಸಂಜೆ ಕುಡಿದು ಬಂದವರಿಗೆ ರಾತ್ರಿ ಮಾತ್ರೆ ಮರೆಯುತ್ತದೆ. ಆಲೆಮನೆಯಲ್ಲಿ ರಾತ್ರಿಯಿಡೀ ಒಲೆ ಕಾಯುವವರಿಗೆ 'ಮಲಗುವ ಹೊತ್ತು' ಎಂಬುದೇ ಇಲ್ಲ. ಇಂಥವರಿಗೆ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಎಂದು ಬದಲಾಯಿಸಿ, ಆ ಹೊತ್ತನ್ನು ಪ್ಲಾನ್‌ನಲ್ಲಿ ಬರೆಯಬೇಕು. 'ದಿನಕ್ಕೊಂದು' ಎಂದು ಬರೆದರೆ ಸಾಲದು. ಮರೆತರೆ ನೆನಪಾದ ತಕ್ಷಣ ನುಂಗಬೇಕು. ಮುಂದಿನ ಮಾತ್ರೆಗೆ ನಾಲ್ಕು ಗಂಟೆಗಿಂತ ಕಡಿಮೆಯಿದ್ದರೆ ಬಿಟ್ಟುಬಿಡಬೇಕು, ಎರಡು ಸೇರಿಸಿ ನುಂಗಬಾರದು.

ಕೆಡುವುದು ಇನ್ನೊಂದು ಕಡೆ, ಮೆಡಿಕಲ್ ಸ್ಟೋರಿನಲ್ಲಿ. ಹೊಟ್ಟೆಯುರಿ ಎಂದು ಕೇಳಿದರೆ ಕೊಡುವ ಜೆಲುಸಿಲ್, ಡೈಜೀನ್ ಥರದವುಗಳಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತದೆ. ಅವು ಡೊಲುಟೆಗ್ರಾವಿರ್ ಅನ್ನು ಕರುಳಲ್ಲೇ ಹಿಡಿದಿಟ್ಟು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಎಚ್‌ಐವಿ ಮಾತ್ರೆ ನುಂಗಿ ಎರಡು ಗಂಟೆ ಆದ ಮೇಲೆ ಇವನ್ನು ತಗೊಳ್ಳಬಹುದು. ಇವನ್ನು ಮೊದಲು ತಗೊಂಡಿದ್ದರೆ ಆರು ಗಂಟೆ ಕಾಯಬೇಕು. ಬಸುರಿಯರಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಇದೇ ಅಂತರ, ಆದರೆ ಊಟದ ಜೊತೆಗಾದರೆ ಒಟ್ಟಿಗೇ ನುಂಗಬಹುದು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ, ಮುದ್ದೆ ಬಿಡಬೇಕಾ ಎಂದರೆ, ಬೇಡ. ಮುದ್ದೆ ಬಿಡಿಸುವ ಪ್ಲಾನ್ ಮಂಡ್ಯದಲ್ಲಿ ಮೂರು ದಿನ ನಡೆಯದು. ಸಕ್ಕರೆ ಕಾಯಿಲೆಯೂ ಇದ್ದರೆ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳಬೇಕು. ಹೆಪಟೈಟಿಸ್ ಬಿ ಇದೆಯೇ ಎಂಬುದೂ ಮೊದಲೇ ಬರೆದಿರಬೇಕು. ಟೆನೊಫೊವಿರ್ ಅದನ್ನೂ ತಡೆಹಿಡಿದಿರುತ್ತದೆ, ಮಾತ್ರೆ ದಿಢೀರನೆ ನಿಂತರೆ ಲಿವರ್ ಕೆರಳುತ್ತದೆ.

ಇನ್ನು ಡಬ್ಬಿ. ಅಲ್ಲಾಡಿಸಿದರೆ ಸದ್ದು ಮಾಡುವ ಪ್ಲಾಸ್ಟಿಕ್ ಡಬ್ಬಿಯನ್ನು ಒಂದೇ ಕೋಣೆಯ ಮನೆಯಲ್ಲಿ ಬಚ್ಚಿಡುವುದು ಕಷ್ಟ. ಅದಕ್ಕೆ ಮಾತ್ರೆಗಳನ್ನು ಪೇಪರಿಗೋ ಎಲೆಅಡಿಕೆ ಸಂಚಿಗೋ ಸುರಿದುಕೊಳ್ಳುತ್ತಾರೆ. ಡಬ್ಬಿಯೊಳಗಿನ ತೇವ ಹೀರುವ ಸಣ್ಣ ಪೊಟ್ಟಣ ಕಸಕ್ಕೆ ಹೋಗುತ್ತದೆ, ಮಳೆಗಾಲದಲ್ಲಿ ಮಾತ್ರೆ ಮೆತ್ತಗಾಗುತ್ತದೆ. ಮಾತ್ರೆ ಡಬ್ಬಿಯಲ್ಲೇ ಇರಲಿ, ಮೇಲೊಂದು ಹಿಡಿ ಹತ್ತಿ ತುರುಕಿ ಎಂದು ಹೇಳಿದರೆ ಸದ್ದಿನ ಕಾಟ ಮುಗಿಯಿತು. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ ಎಷ್ಟು ದಿನದ ದಾರಿಯೋ ಅಷ್ಟು ಮಾತ್ರೆ, ಮೇಲೆರಡು. ಟಿಬಿಯೂ ಸೇರಿಕೊಂಡು ಅದರ ಔಷಧಿ ರಿಫಾಂಪಿಸಿನ್ ಶುರುವಾದರೆ, ಟಿಎಲ್‌ಡಿ ನುಂಗಿದ 12 ಗಂಟೆಯ ನಂತರ ಡೊಲುಟೆಗ್ರಾವಿರ್ 50 ಇನ್ನೊಂದು ಬೇಕು. ದಿನಕ್ಕೊಮ್ಮೆ ಮರೆಮಾಚುತ್ತಿದ್ದವರು ಎರಡು ಸಲ ಮರೆಮಾಚಬೇಕು. ಸಂಜೆ ಏಳಕ್ಕೆ ಆ ಮನೆಯಲ್ಲಿ ಯಾರ್‍ಯಾರಿರುತ್ತಾರೆ ಎಂದು ಕೇಳದೆ ಆ ಮಾತ್ರೆ ಬರೆದುಕೊಟ್ಟರೆ ಅದು ಡಬ್ಬಿಯಲ್ಲೇ ಉಳಿಯುತ್ತದೆ.

ಉಳಿದದ್ದನ್ನು ಎಣಿಸಿ ಲೆಕ್ಕ ಹಾಕುವುದು ನಮ್ಮ ಕೇಂದ್ರಗಳ ಪದ್ಧತಿ. 30 ಕೊಟ್ಟು, 30ನೇ ದಿನ 3 ಉಳಿದಿದ್ದರೆ 27 ನುಂಗಿದ್ದಾರೆ, 90 ಶೇಕಡ, ಬೇಕಾದದ್ದು 95. ಬೈಸಿಕೊಳ್ಳುವ ಭಯಕ್ಕೆ ಬಸ್ ಸ್ಟ್ಯಾಂಡಿನಲ್ಲೇ ಮೂರನ್ನು ಎಸೆದು ಬಂದರೆ ಲೆಕ್ಕ ನೂರಕ್ಕೆ ನೂರು! ಈ ಲೆಕ್ಕವನ್ನು ನಾನು ಅಷ್ಟು ನಂಬುವುದಿಲ್ಲ. ವೈರಲ್ ಲೋಡ್, ಅಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂಬ ಪರೀಕ್ಷೆ, ಸುಳ್ಳು ಹೇಳುವುದಿಲ್ಲ: ಚಿಕಿತ್ಸೆ ಶುರುವಾದ ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ. ನಮ್ಮಲ್ಲಿ 1000 ದಾಟಿದರೆ ಕೌನ್ಸೆಲಿಂಗ್ ಬಿಗಿಗೊಳಿಸಿ ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ. ಇಂಗ್ಲೆಂಡಿನಲ್ಲಿ 50 ದಾಟಿದರೇ ಮತ್ತೊಮ್ಮೆ ರಕ್ತ ತೆಗೆಯುತ್ತಾರೆ. 200ರ ಕೆಳಗೆ ನಿಂತರೆ ಸಂಗಾತಿಗೆ ಲೈಂಗಿಕವಾಗಿ ಹರಡುವುದಿಲ್ಲ ಎಂಬುದು ಈಗ ಗಟ್ಟಿ ತಿಳಿವಳಿಕೆ. ಇದನ್ನು ಅಲ್ಲಿ ಬಾಯಿ ತುಂಬಾ ಹೇಳುತ್ತಾರೆ, ನಮ್ಮಲ್ಲಿ ಪಿಸುಮಾತಿನಲ್ಲಿ. ಗಟ್ಟಿಯಾಗಿ ಹೇಳಿದರೆ ಮಾತ್ರೆ ತಪ್ಪಿಸದಿರಲು ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಬಸ್ಸಿನ ಲೆಕ್ಕವೂ ಪ್ಲಾನ್‌ನೊಳಗೇ ಬರಬೇಕು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ, ಹಾಗಾಗಿ ಅವರಿಗೆ ಚಾರ್ಜಿಗಿಂತ ಆ ದಿನದ ಕೂಲಿ ದೊಡ್ಡದು. ಗಂಡಸರಿಗೆ ಎರಡೂ. ಸ್ಥಿರವಾಗಿರುವವರಿಗೆ ಎರಡು-ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟರೆ ಅರ್ಧ ಕಷ್ಟ ಕಳೆಯುತ್ತದೆ, ಆದರೆ ಬಚ್ಚಿಡಬೇಕಾದ ಡಬ್ಬಿ ಒಂದರ ಬದಲು ಮೂರಾಗುತ್ತದೆ. ಮತ್ತೆ ಅದೇ ಪ್ರಶ್ನೆ.

ಬರೆದರೆ ಗುಟ್ಟು ಹೊರಗೆ ಬೀಳುತ್ತದಲ್ಲ ಎಂಬ ಅಂಜಿಕೆ ನ್ಯಾಯವಾದದ್ದೇ. ಆದರೆ ವಿಚಿತ್ರ ನೋಡಿ, ಬರೆಯಬೇಕಾದದ್ದನ್ನು ಬರೆಯದೆ, ಬರೆಯಬಾರದ ಕಾಯಿಲೆಯ ಹೆಸರನ್ನು ಫೈಲಿನ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಒಪ್ಪಿಗೆಯಿಲ್ಲದೆ ವಿಷಯ ಬಯಲು ಮಾಡುವುದನ್ನು ತಡೆಯುತ್ತದೆ. ಸಂಗಾತಿಗೆ ತಿಳಿಸಲು ವೈದ್ಯರಿಗೆ ದಾರಿಯಿದ್ದರೂ, ಹೆಂಗಸಿಗೆ ಹೊಡೆತ ಬೀಳುವ, ಮನೆಯಿಂದ ಹೊರಹಾಕುವ ಭಯವಿದ್ದರೆ ತಿಳಿಸಬಾರದು ಎನ್ನುತ್ತದೆ. ರಟ್ಟಿನ ಮೇಲಿನ ಗುರುತು ಸಿಬ್ಬಂದಿಯನ್ನೂ ಕಾಪಾಡದು. ಪರೀಕ್ಷೆಯೇ ಆಗದವರ ರಕ್ತಕ್ಕೆ ಗುರುತು ಎಲ್ಲಿದೆ? ಎಲ್ಲರಿಗೂ ಒಂದೇ ಗ್ಲೌಸ್, ಒಂದೇ ಎಚ್ಚರ. ಸೂಜಿ ಚುಚ್ಚಿದರೆ ಹಿಂಡದೆ, ಬಾಯಿಗಿಡದೆ, ಸೋಪು ನೀರಿನಲ್ಲಿ ತೊಳೆದು, ಆದಷ್ಟು ಬೇಗ, 72 ಗಂಟೆ ಮೀರದಂತೆ ತಡೆಮಾತ್ರೆ ಶುರುಮಾಡಿ 28 ದಿನ ಮುಗಿಸಬೇಕು.

ಕೇಂದ್ರದಲ್ಲೇ ಉಳಿಯುವ ವೈಟ್ ಕಾರ್ಡ್ ಎಂಬ ಚಿಕಿತ್ಸೆಯ ದಾಖಲೆಗೆ ಪಿನ್ ಮಾಡಿದ ಒಂದು ಹಾಳೆ ಸಾಕು, ಕಾಯಿಲೆಯ ಹೆಸರೂ ಬೇಡ: "ಅಕ್ಕನಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಫೋನ್ ಹಗಲು 11ರಿಂದ 1ರ ಒಳಗೆ, ಬೇರೆಯವರು ಎತ್ತಿದರೆ 'ಸಂಘದಿಂದ' ಎನ್ನಬೇಕು. ಮಾತ್ರೆ ಬೆಳಿಗ್ಗೆ 6ಕ್ಕೆ, ಡಬ್ಬಿ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ, ಪುಸ್ತಕ ಅಕ್ಕನ ಮನೆಯಲ್ಲಿ. ಗಂಡನ ಪರೀಕ್ಷೆ ಬಾಕಿ, ಮುಂದಿನ ಭೇಟಿಯಲ್ಲಿ ಮಾತಾಡಬೇಕು."