ಅಶ್ವಗಂಧಕ್ಕೂ ವೈದ್ಯರ ಚೀಟಿ ಬೇಕಾ?

ಪರ

ಬೆಂಗಳೂರಿನಲ್ಲಿ ಅಶ್ವಗಂಧ ಈಗ ಎಲ್ಲಿ ಸಿಗಲ್ಲ ಹೇಳಿ? ಜಿಮ್ಮಿನ ಕೌಂಟರಿನಲ್ಲಿ ಡಬ್ಬಿ, ಆ್ಯಪ್‌ನಲ್ಲಿ ಮಿಠಾಯಿ ಥರದ ಗಮ್ಮಿ. ನಿದ್ದೆ ಬರ್ತಿಲ್ಲ ಅಂದರೆ ಆಫೀಸಿನ ಗೆಳೆಯರೇ ಡಾಕ್ಟರು.

ಕ್ಯಾಪ್ಸೂಲಿನ ಡಬ್ಬಿ ತಿರುಗಿಸಿ ನೋಡಿ. ಒಳಗಿರುವುದು ಹೆಚ್ಚಾಗಿ ಬೇರಿನ ಸಾರ. ವಿತನೊಲೈಡ್ (ಅಶ್ವಗಂಧದಲ್ಲಿ ಕೆಲಸ ಮಾಡುವ ಮುಖ್ಯ ರಾಸಾಯನಿಕ) ಅಂಶ ಶೇ. 5 ಅಂತ ಹೆಮ್ಮೆಯಿಂದ ಬರೆದಿರುತ್ತಾರೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಏರಿಸಬಲ್ಲದು. ಥೈರಾಯ್ಡ್ ಮಾತ್ರೆ ನುಂಗುವವರು ಯಾವ ಬೀದಿಯಲ್ಲಿಲ್ಲ? ನಿದ್ದೆ ಮಾತ್ರೆ ಜೊತೆ ಸೇರಿದರೆ ಮಂಪರು ಜಾಸ್ತಿಯಾಗಬಹುದು. ಬಸುರಿಯರಿಗಂತೂ ಬೇಡವೇ ಬೇಡ. ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಪರೂಪ, ನಿಜ. ಕಾಮಾಲೆ ಬಂದವರಿಗೆ ಆ ಮಾತಿನಿಂದ ಏನು ಸಮಾಧಾನ?

ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಅಷ್ಟು ದೂರ ಯಾಕೆ, ನಮ್ಮ ಆಯುಷ್ ಸಚಿವಾಲಯವೇ 2021ರಲ್ಲಿ ಎಲೆ ಬಳಸಬೇಡಿ ಅಂತ ತಯಾರಕರಿಗೆ ಸೂಚಿಸಿತು. ಚೀಟಿ ಬರೆಯುವ ನೆಪದಲ್ಲಾದರೂ ಒಬ್ಬರು "ಬೇರೆ ಏನೇನು ಮಾತ್ರೆ ತಗೋತೀರಿ?" ಅಂತ ಕೇಳ್ತಾರೆ. ಈಗ ಅದನ್ನು ಕೇಳುವವರೇ ಇಲ್ಲ.

ವಿರೋಧ

ಚಿಕ್ಕಪೇಟೆ ಕಡೆಯ ಯಾವುದಾದರೂ ಗ್ರಂಥಿಗೆ ಅಂಗಡಿಗೆ ಹೋಗಿ ಅಶ್ವಗಂಧ ಕೇಳಿ. ಬೆರಳುದ್ದದ ಒಣಬೇರು ತೂಗಿ ಕೊಡ್ತಾರೆ. ಹೊರಗೆ ಮಾಸಲು ಬಣ್ಣ, ಪಟ್ಟನೆ ಮುರಿದರೆ ಒಳಗೆ ಬೆಳ್ಳಗೆ ಹಿಟ್ಟು ಹಿಟ್ಟು. ಬಾಯಿಗೆ ಹಾಕಿದರೆ ಕಹಿ. ಇದನ್ನು ಪುಡಿ ಮಾಡಿ ಹಾಲಿಗೆ ಹಾಕಿ ಕುಡಿಯುವುದು ನಿನ್ನೆ ಮೊನ್ನೆಯ ರೂಢಿಯಲ್ಲ. ಪ್ರಮಾಣವೂ ಗುಟ್ಟೇನಲ್ಲ, ಸರ್ಕಾರದ ಆಯುರ್ವೇದ ಔಷಧ ಸಂಹಿತೆಯಲ್ಲೇ 3ರಿಂದ 6 ಗ್ರಾಂ ಅಂತಿದೆ.

ವಿಷ ಅಂಶ ಇರುವ ಆಯುರ್ವೇದ ಮದ್ದುಗಳಿಗೆ ಕಾನೂನಿನಲ್ಲಿ ಬೇರೆ ಪಟ್ಟಿಯೇ ಇದೆ. ವತ್ಸನಾಭಿ, ದತ್ತೂರಿ ಅದರಲ್ಲಿವೆ. ಅಶ್ವಗಂಧ ಇಲ್ಲ. ಆ ಪಟ್ಟಿಯ ಮದ್ದುಗಳಿಗೂ ಕೇಳುವುದು ಡಬ್ಬಿಯ ಮೇಲೊಂದು ಎಚ್ಚರಿಕೆ. ದತ್ತೂರಿಗೆ ಎಚ್ಚರಿಕೆ ಸಾಕು, ಈ ಬೇರಿಗೆ ಚೀಟಿ ಬೇಕು ಅನ್ನೋದು ಯಾವ ನ್ಯಾಯ?

ಇನ್ನು ಚೀಟಿಯ ಕಥೆ ನಮಗೆಲ್ಲ ಗೊತ್ತಿರೋದೇ ಅಲ್ವಾ. ಚೀಟಿ ಕಡ್ಡಾಯ ಇರುವ ಆಂಟಿಬಯೋಟಿಕ್ಕೇ ಎಷ್ಟೋ ಮೆಡಿಕಲ್ ಶಾಪಿನಲ್ಲಿ ಬಾಯಿಮಾತಿಗೆ ಸಿಗುತ್ತೆ. ನಿಯಮ ಬಂದರೆ ಆ್ಯಪ್‌ನವರು ಹೇಗೋ ದಾರಿ ಹುಡುಕ್ತಾರೆ, ಪೆಟ್ಟು ತಿನ್ನೋದು ಗ್ರಂಥಿಗೆ ಅಂಗಡಿಯವರು. ನೂರಿನ್ನೂರು ಗ್ರಾಂ ಬೇರಿಗೆ ಅದರ ಬೆಲೆಗಿಂತ ಜಾಸ್ತಿ ಡಾಕ್ಟರ್ ಫೀಸು ಯಾರು ಕೊಡ್ತಾರೆ?

ಥೈರಾಯ್ಡ್, ಬಸಿರು, ಲಿವರ್ ವಿಷಯವನ್ನು ಕ್ಯಾಪ್ಸೂಲು, ಗಮ್ಮಿ ಡಬ್ಬಿಗಳ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಹಾಕಿಸಿ. ಎಲೆ ಬೆರೆಸಿದವರನ್ನು ಹಿಡಿದು ದಂಡ ಹಾಕಿ. ಅದಕ್ಕೆ ನನ್ನ ತಕರಾರೇ ಇಲ್ಲ.