ಮೆಡವಾರ್ ಮತ್ತು ಎರಡನೆಯ ಸಲದ ಕಸಿ
ಬ್ರಿಟಿಷ್ ಜೀವವಿಜ್ಞಾನಿ ಪೀಟರ್ ಮೆಡವಾರ್ ಅವರ ಕುರಿತ ಲೇಖನವೊಂದಕ್ಕೆ ಬರೆದ ಪ್ರತಿಕ್ರಿಯೆ ಇದು. ಆ ಲೇಖನದಲ್ಲಿ, ಅಂಗಾಂಶ ಕಸಿಯ ಸಂಶೋಧನೆಗಾಗಿ ಅವರಿಗೆ ಸಿಕ್ಕ 1960ರ ನೊಬೆಲ್ ಪ್ರಶಸ್ತಿಯ ವಿವರ ಚೆನ್ನಾಗಿದೆ. ಆದರೆ ಅದಕ್ಕೆ ಬುನಾದಿಯಾದ ಗ್ಲಾಸ್ಗೋದ ಕೆಲಸಕ್ಕೆ ಇನ್ನಷ್ಟು ಜಾಗ ಸಿಗಬೇಕಿತ್ತು. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಅವರು ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಅವರೊಡನೆ, ತೀವ್ರ ಸುಟ್ಟಗಾಯಗಳಾಗಿದ್ದ ಮಹಿಳೆಯೊಬ್ಬರಿಗೆ ಅವರ ಸಹೋದರನ ಚರ್ಮದ ಚಿಕ್ಕ ತುಣುಕುಗಳನ್ನು ಕಸಿ ಮಾಡಿ ಗಮನಿಸಿದಾಗ, ಎರಡನೆಯ ಸಲ ಹಾಕಿದ ತುಣುಕುಗಳು ದೇಹ ಮೊದಲ ಕಸಿಯನ್ನು ನೆನಪಿಟ್ಟುಕೊಂಡಂತೆ, ಮೊದಲಿನವಕ್ಕಿಂತ ಬೇಗನೆ ನಾಶವಾದವು. 1943ರಲ್ಲಿ ಪ್ರಕಟವಾದ ಈ ವರದಿಯೇ, ಕಸಿಯನ್ನು ದೇಹ ತಿರಸ್ಕರಿಸುವುದು ರೋಗನಿರೋಧಕ ವ್ಯವಸ್ಥೆಯ ಕೆಲಸ ಎಂಬುದಕ್ಕೆ ಬಲವಾದ ಸುಳಿವು ನೀಡಿತು. ಹುಟ್ಟುವ ಮುನ್ನವೇ ಬೇರೆ ತಳಿಯ ಜೀವಕೋಶಗಳನ್ನು ಪಡೆದ ಇಲಿಗಳು ಮುಂದೆ ಆ ತಳಿಯ ಚರ್ಮವನ್ನು ಒಪ್ಪಿಕೊಳ್ಳಬಲ್ಲವು ಎಂದು 1953ರಲ್ಲಿ ಮೆಡವಾರ್ ತಮ್ಮ ಸಹಸಂಶೋಧಕರಾದ ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಅವರೊಂದಿಗೆ ತೋರಿಸಿದರು. ಪ್ರಶಸ್ತಿಯ ಹಣದಲ್ಲಿ ಈ ಇಬ್ಬರಿಗೂ ಅವರು ಪಾಲು ಕೊಟ್ಟದ್ದನ್ನು ಲೇಖಕರು ದಯವಿಟ್ಟು ಸೇರಿಸಬೇಕು.